ಕಾರು ಮಗನದ್ದು, ಆರ್‌ಸಿ ಯಾರದ್ದು?

ಕೊಲ್ಲಿಯಿಂದ ರಜೆಗೆ ಬರುವ ನಮ್ಮ ಹುಡುಗರ ಬಾಯಲ್ಲಿ ಈಗ ಮೊದಲು ಬರುವ ಮಾತು ಕಾರಿನದ್ದು. ಅದೂ ಇಡೀ ಕುಟುಂಬ ಕೂರುವ ದೊಡ್ಡ ಗಾಡಿ ಅಲ್ಲ. ಚಿಕ್ಕದಾಗಿರಬೇಕು, ಪಿಕಪ್ ಜೋರಿರಬೇಕು, ಅಲಾಯ್ ವೀಲ್ ಇರಬೇಕು, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ವ್ಯಾಪಾರಕ್ಕೋ ಕೆಲಸಕ್ಕೋ ಘಟ್ಟ ಹತ್ತಿ ಬಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನೆಲೆಯಾದ ಮನೆಗಳಲ್ಲೂ ಇದೇ ಕತೆ. ಮೂರ್ನಾಲ್ಕು ಲಕ್ಷಕ್ಕೆ ಒಂದು ಹಳೆಯ ಸ್ವಿಫ್ಟೋ ಪೋಲೊ ಜಿಟಿಯೋ ಅಂಗಳಕ್ಕೆ ಬರುತ್ತದೆ. ಉಮ್ಮನಿಗೆ ಹೆದರಿಕೆ, ಬಾಪನಿಗೆ ಮೈಲೇಜಿನ ಚಿಂತೆ, ಹುಡುಗರಿಗೆ ಖುಷಿ. ಆದರೆ ಮೂವರೂ ಕೇಳದ ಪ್ರಶ್ನೆ ಒಂದು ಉಂಟು: ಆರ್‌ಸಿಯಲ್ಲಿ ಹೆಸರು ಯಾರದ್ದು?

ಇಂಥ ಕಾರು ಬೇಡವೇ ಬೇಡ ಎಂದು ಹೇಳುವವರ ಪಕ್ಷ ನನ್ನದಲ್ಲ. ದುಡಿದ ಹಣದಲ್ಲಿ ತನಗೆ ಇಷ್ಟವಾದ ಗಾಡಿ ಕೊಳ್ಳುವುದು ತಪ್ಪಲ್ಲ. ಏರಿನಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದಾಗ ಶಕ್ತಿಯಿರುವ ಎಂಜಿನ್ ಉಪಕಾರಕ್ಕೇ ಬರುತ್ತದೆ. ಏರ್‌ಬ್ಯಾಗ್, ಎಬಿಎಸ್ ಎರಡೂ ಇಲ್ಲದ ಹಳೆಯ ವ್ಯಾನಿನಲ್ಲಿ ಎಂಟು ಜನ ತುಂಬಿಕೊಂಡು ಹೋಗುವುದಕ್ಕಿಂತ ಒಳ್ಳೆಯ ಬ್ರೇಕಿನ ಚಿಕ್ಕ ಕಾರಿನಲ್ಲಿ ನಾಲ್ಕು ಜನ ಹೋಗುವುದು ಮೇಲು. ನನ್ನ ತಕರಾರು ಕಾರಿನ ಮೇಲಲ್ಲ, ನಾವು ಅದನ್ನು ಕೊಳ್ಳುವ ರೀತಿಯ ಮೇಲೆ.

ಮೊದಲು ಬೆಲೆಯ ಲೆಕ್ಕ. ಹೊಸತಿರುವಾಗ ದುಬಾರಿಯಾಗಿದ್ದ ಕಾರು ಈಗ ಅಗ್ಗಕ್ಕೆ ಸಿಗುತ್ತದೆಂದರೆ ಅದಕ್ಕೆ ಕಾರಣ ಇರುತ್ತದೆ. ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂತು. 1.2 ಲೀಟರ್ ಟರ್ಬೊ ಎಂಜಿನ್, ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 2022ರಲ್ಲಿ ಪೋಲೊ ತಯಾರಿಕೆಯೇ ಇಲ್ಲಿ ನಿಂತಿತು. ಒಂದು ಲೀಟರ್ ಟರ್ಬೊ ಎಂಜಿನ್ನಿನ ಬಲೆನೊ ಆರ್‌ಎಸ್ 2017ರಲ್ಲಿ ಬಂದು ಮೂರು ವರ್ಷದೊಳಗೆ ಹೋಯಿತು. 145 ಅಶ್ವಶಕ್ತಿಯ ಪುಂಟೊ ಅಬಾರ್ತ್ 2015ರಲ್ಲಿ ಬಂತು, ಈಗ ಫಿಯೆಟ್ ಕಂಪೆನಿಯೇ ಇಲ್ಲಿ ಕಾರು ಮಾರುತ್ತಿಲ್ಲ. ಫಿಗೊ ಮಾಡುತ್ತಿದ್ದ ಫೋರ್ಡ್ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಇವೆಲ್ಲ ಓಡಿಸಲು ಚಂದದ ಗಾಡಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ 2005ರಿಂದ ಎಲ್ಲ ಊರಲ್ಲೂ ಓಡುತ್ತಿರುವ ಸ್ವಿಫ್ಟಿನ ಬಿಡಿಭಾಗ ಸಿಕ್ಕಿದಷ್ಟು ಸಲೀಸಾಗಿ ಇವುಗಳದ್ದು ಸಿಗುವುದಿಲ್ಲ. ಟರ್ಬೊ ಹೋದರೆ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ ಅದು ಪೇಟೆಯ ಸಾಮಾನ್ಯ ಗ್ಯಾರೇಜಿನ ಕೆಲಸವಲ್ಲ. ಹುಬ್ಬಳ್ಳಿಗೋ ಮಂಗಳೂರಿಗೋ ಲಾರಿ ಮೇಲೆ ಹೇರಿಕೊಂಡು ಹೋಗಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೊಮೀಟರ್. ಬಿಲ್ ಬರುವ ಮೊದಲೇ ಸಾಗಾಟದ ಖರ್ಚು ಶುರು.

ಹಾಗಾಗಿ ನಾಲ್ಕು ಲಕ್ಷ ಕೈಯಲ್ಲಿದ್ದರೆ ನಾಲ್ಕು ಲಕ್ಷದ ಕಾರು ನೋಡಬೇಡಿ. ಮೂರೂಕಾಲು ಲಕ್ಷದ್ದು ನೋಡಿ. ಉಳಿದದ್ದು ಟೈರು, ಬ್ರೇಕು, ಕ್ಲಚ್ಚು, ವಿಮೆ, ಹೆಸರು ಬದಲಾವಣೆಗೆ ಮೊದಲ ತಿಂಗಳಲ್ಲೇ ಬೇಕಾಗುತ್ತದೆ. ಹೊಸ ಕಾರಿನ ಬೆಲೆಯನ್ನೂ ಒಮ್ಮೆ ಕೇಳಿ ಬನ್ನಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಶೇಕಡಾಕ್ಕೆ ಇಳಿದಿದೆ. ಹಳೆಯ ಕಾರು ಮಾರುವವರು ಅದಕ್ಕಿಂತ ಹಿಂದಿನ ಲೆಕ್ಕದಲ್ಲೇ ರೇಟು ಹೇಳುತ್ತಿದ್ದರೆ ಚೌಕಾಶಿಗೆ ಜಾಗ ಉಂಟು. ವರ್ಷವನ್ನೂ ನೋಡಿ. 2011ರ ಕಾರಿನ ಆರ್‌ಸಿಗೆ 2026ರಲ್ಲಿ 15 ವರ್ಷ ತುಂಬುತ್ತದೆ. ಆಮೇಲೆ ಫಿಟ್‌ನೆಸ್ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗಬೇಕು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್, ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಕಾರಾದರೆ ಇವೆರಡು ಇವೆಯೇ ಎಂದು ಕೇಳಿಯೇ ಮುಂದುವರಿಯಿರಿ. ಒಂದೇ ಹೆಸರಿನ ಕಾರಿನಲ್ಲಿ ಕಡಿಮೆ ಬೆಲೆಯ ಮಾದರಿಗೆ ಇರುತ್ತಿರಲಿಲ್ಲ, ಮೇಲಿನದ್ದಕ್ಕೆ ಇರುತ್ತಿತ್ತು.

ಇನ್ನು ರಸ್ತೆ. ಬೆಂಗಳೂರಿನಲ್ಲಿ ಚಂದ ಓಡಿದ ಕಾರು ನಮ್ಮ ಕಡೆ ಬೇರೆಯೇ ಪರೀಕ್ಷೆ ಎದುರಿಸುತ್ತದೆ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲಾ ಕಡೆಗಿನ ಅರೆಬೈಲು ಘಟ್ಟ, ಸಿದ್ದಾಪುರದಿಂದ ಕರಾವಳಿಗೆ ಇಳಿಯುವ ದೊಡ್ಮನೆ ಘಟ್ಟ. ಎಲ್ಲಿ ಹೋಗಬೇಕಿದ್ದರೂ ಒಂದು ಇಳಿಜಾರು ಇದ್ದೇ ಇದೆ. ಜೂನ್ ಬಂತೆಂದರೆ ತಿಂಗಳುಗಟ್ಟಲೆ ಮಳೆ, ಮಂಜು, ರಸ್ತೆಗೆ ಬಿದ್ದ ಎಲೆ-ಮಣ್ಣು. ಇಲ್ಲಿ ಪಿಕಪ್‌ಗಿಂತ ಬ್ರೇಕು ಮುಖ್ಯ. ಬ್ರೇಕ್ ಆಯಿಲ್ ವರ್ಷಗಳು ಕಳೆದಂತೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಉದ್ದದ ಇಳಿಜಾರಿನಲ್ಲಿ ಪೆಡಲ್ ಒತ್ತಿಕೊಂಡೇ ಇಳಿದರೆ ಅದು ಕುದಿದು, ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಲಾರಿ ಡ್ರೈವರುಗಳು ಹೇಳುವುದು ಇದಕ್ಕೇ. ಕಾರು ಕೈಗೆ ಬಂದ ವಾರದಲ್ಲೇ ಬ್ರೇಕ್ ಆಯಿಲ್ ಬದಲಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ, ಅದನ್ನೂ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿ ಕಂಡರೂ ಹಳೆಯ ಟೈರಿನ ರಬ್ಬರು ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ.

2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ನಡೆದದ್ದನ್ನು ನಮ್ಮ ಮನೆಗಳು ಮರೆತಿರಲಾರವು. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು-ತರಕಾರಿ ಹೊತ್ತು ಹೊರಟ ಲಾರಿ ಕಂದಕಕ್ಕೆ ಉರುಳಿ ಹತ್ತು ಮಂದಿ ತೀರಿಹೋದರು. ಬಡ ವ್ಯಾಪಾರಿಗಳು, ಮನೆಗೆ ಅನ್ನ ತರುವವರು. ಅದು ಲಾರಿ, ಇದು ಕಾರು, ಎರಡರ ಕಾರಣವೂ ಬೇರೆ. ಆದರೆ ಈ ರಸ್ತೆಯಲ್ಲಿ ಒಂದು ಕ್ಷಣದ ತಪ್ಪಿಗೆ ಎಷ್ಟು ಮನೆ ಬಾಗಿಲು ಮುಚ್ಚುತ್ತದೆ ಎಂಬುದನ್ನು ಅದು ತೋರಿಸಿತು.

ಕಾರನ್ನು ತಗ್ಗಿಸುವುದು, ಅಗಲ ಟೈರು ಹಾಕುವುದು, ಸದ್ದಿನ ಸೈಲೆನ್ಸರ್, ಎಂಜಿನ್ ಕಂಪ್ಯೂಟರಿನ ರೀಮ್ಯಾಪ್, ಇವು ಹುಡುಗರಿಗೆ ಕಾರಿಗಿಂತಲೂ ಇಷ್ಟ. ಹಿಂದಿನ ಮಾಲೀಕ ಮಾಡಿಸಿಟ್ಟಿದ್ದರೆ ಅದೇ ಮಾರಾಟದ ಮಾತೂ ಆಗುತ್ತದೆ. ನಾನಾದರೆ ಅಂಥ ಕಾರಿನ ಬೆಲೆ ಇಳಿಸಿಯೇ ಕೇಳುತ್ತೇನೆ. ಕಂಪೆನಿ ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ವಿಮೆ ಕಂಪೆನಿಗೆ ತಿಳಿಸದ ಬದಲಾವಣೆ ಕ್ಲೈಮಿನ ಹೊತ್ತಿಗೆ ತೊಡಕಾಗುತ್ತದೆ. ತಗ್ಗಿಸಿದ ಕಾರು ನಮ್ಮ ತೋಟದ ದಾರಿಯ ಕಲ್ಲಿಗೆ ಹೊಟ್ಟೆ ಉಜ್ಜಿಕೊಂಡೇ ಹೋಗಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಎಷ್ಟೋ ಮನೆಗಳು ಬಡ್ಡಿ ಬೇಡವೆಂದು ಸಾಲ ಮಾಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರನ್ನು ನಗದು ಕೊಟ್ಟೇ ಕೊಳ್ಳುತ್ತಾರೆ. ಒಳ್ಳೆಯ ನಿರ್ಧಾರ. ಆದರೆ ಇದಕ್ಕೆ ಇನ್ನೊಂದು ಮುಖ ಉಂಟು. ಸಾಲ ಮಾಡಿದವನ ಕಾಗದಪತ್ರವನ್ನು ಬ್ಯಾಂಕು ತನ್ನ ಹಣಕ್ಕಾಗಿಯಾದರೂ ತಪಾಸಣೆ ಮಾಡುತ್ತದೆ, ಆರ್‌ಸಿ ಬದಲಾಗುವವರೆಗೆ ಬಿಡುವುದಿಲ್ಲ. ನಗದು ಕೊಟ್ಟವನಿಗೆ ಕೇಳುವವರೇ ಇಲ್ಲ. ಮಾರುವವನು ಭಾವನ ಕಡೆಯವನೋ, ಅದೇ ಜಮಾಅತಿನವನೋ ಆಗಿದ್ದರಂತೂ ಮುಗಿಯಿತು. "ನಮ್ಮವರೇ ಅಲ್ವಾ, ಆಮೇಲೆ ಮಾಡಿಸಿದರಾಯ್ತು ಮಾರಾಯ" ಎಂದು 29, 30ನೇ ಫಾರಂಗೆ ಸಹಿ ಹಾಕಿಸಿ ಡ್ಯಾಶ್‌ಬೋರ್ಡಿನೊಳಗೆ ಇಡುತ್ತಾರೆ. ಆರು ತಿಂಗಳಲ್ಲಿ ಕಾರು ಮತ್ತೊಬ್ಬನ ಕೈಗೆ ಹೋಗುತ್ತದೆ. ಆ ಫಾರಂ ಖಾಲಿಯೇ ಇರುತ್ತದೆ.

ಕಾನೂನು ಹೀಗಿದೆ. 50ನೇ ಸೆಕ್ಷನ್ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ. ಇದನ್ನು ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ನೋಡಬೇಕು. ಕಾರು ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದಿತ್ತು. ಅಷ್ಟರಲ್ಲಿ ಅಪಘಾತವಾಯಿತು. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಎಂದು ಕೋರ್ಟು ಹೇಳಿತು. ಅಂದರೆ ನೀವು ಮಾರಿ ಮರೆತ ಕಾರು ಅರೆಬೈಲಿನಲ್ಲಿ ಯಾರಿಗೋ ಬಡಿದರೆ ನೋಟಿಸು ನಿಮ್ಮ ಮನೆಗೆ ಬರಬಹುದು. ಕೊಂಡವರಿಗಿಂತ ಮಾರಿದವರೇ ಹೆಚ್ಚು ಹೆದರಬೇಕಾದ ವಿಷಯ ಇದು.

ವಿಮೆಯೂ ಇದಕ್ಕೇ ಅಂಟಿಕೊಂಡಿದೆ. ಹೆಸರು ಬದಲಾದ ಮೇಲೆ 14 ದಿನದೊಳಗೆ ವಿಮೆ ಕಂಪೆನಿಗೂ ಅರ್ಜಿ ಕೊಡಬೇಕು. ಹಳೆಯ ಮಾಲೀಕನ ನೋ ಕ್ಲೈಮ್ ಬೋನಸ್ ಅವನದ್ದು, ಕಾರಿನ ಜೊತೆ ನಿಮಗೆ ಬರುವುದಿಲ್ಲ. ಇನ್ನೊಂದು ಮಾತು ಕೊಲ್ಲಿಯ ಮನೆಗಳು ಗಮನಿಸಬೇಕು. ಪಾಲಿಸಿಯಲ್ಲಿ ಮಾಲೀಕ-ಚಾಲಕನಿಗೆ ಎಂದು ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿದ್ದು ಲೈಸೆನ್ಸೂ ಇರುವವನಿಗೆ. ಆರ್‌ಸಿ ದುಬೈಯಲ್ಲಿರುವ ಅಣ್ಣನ ಹೆಸರಲ್ಲಿದ್ದು, ಯಲ್ಲಾಪುರದಲ್ಲಿ ದಿನಾ ಓಡಿಸುವವನು ತಮ್ಮನಾಗಿದ್ದರೆ ಆ ರಕ್ಷಣೆ ತಮ್ಮನಿಗೆ ಇಲ್ಲ. ಬರೀ ಥರ್ಡ್ ಪಾರ್ಟಿ ಪಾಲಿಸಿ ಮಾಡಿಸಿದರೆ ಒಳಗೆ ಕೂತ ಮನೆಯವರಿಗೆ ಎಂತ ಸಿಗುತ್ತದೆ ಎಂದು ಏಜೆಂಟರನ್ನು ಬಾಯಿಬಿಟ್ಟು ಕೇಳಿ. ಓಡಿಸುವವನ ಹೆಸರಲ್ಲೇ ಕಾರು ಇರಲಿ ಎನ್ನುವುದು ನನ್ನ ಅಭಿಪ್ರಾಯ.

ಗಡಿಯಾಚೆಯ ಅಗ್ಗದ ಕಾರಿನ ಬಗ್ಗೆಯೂ ಒಂದು ಮಾತು. ಕೇರಳದ, ಗೋವಾದ ನಂಬರಿನ ಕಾರು ಕಡಿಮೆಗೆ ಸಿಕ್ಕಿತು ಎಂದು ತರುವವರು ಅಲ್ಲಿಯ ಸಾರಿಗೆ ಕಚೇರಿಯ ಎನ್‌ಒಸಿ, ಇಲ್ಲಿಯ ಜೀವಾವಧಿ ತೆರಿಗೆ, ಮರುನೋಂದಣಿ ಎಲ್ಲ ಕೂಡಿಸಿ ನೋಡಬೇಕು. ಶಿರಸಿಯ ಕೆಎ 31 ನಂಬರು ಬರುವ ಹೊತ್ತಿಗೆ ಉಳಿತಾಯ ಕರಗಿರುತ್ತದೆ. ಕರಾವಳಿಯ ಕಾರಾದರೆ ಉಪ್ಪುಗಾಳಿಗೆ ತಳ ತುಕ್ಕು ಹಿಡಿದಿದೆಯೇ, ನೆರೆನೀರಿನಲ್ಲಿ ನಿಂತಿತ್ತೇ ಎಂದು ರ‍್ಯಾಂಪಿನ ಮೇಲೆ ಹತ್ತಿಸಿ ನೋಡಿ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಪತ್ರ, 35ನೇ ಫಾರಂ ಇಲ್ಲದೆ ಮುಂಗಡ ಕೊಡಬೇಡಿ. ಬಾಕಿ ದಂಡ, ವಿಮೆಯ ಅವಧಿ ಎಲ್ಲವೂ ಎಂಪರಿವಾಹನ್ ಆ್ಯಪಿನಲ್ಲಿ ಕಾಣುತ್ತದೆ.

ಕೊನೆಗೆ ಎಲ್ಲಕ್ಕಿಂತ ಗಂಭೀರವಾದದ್ದು. ಮದುವೆಯ ಹೊತ್ತು ಹದಿನಾರು-ಹದಿನೇಳರ ಹುಡುಗರ ಕೈಗೆ ಕೀ ಹೋಗುವುದನ್ನು ನಾವು ನಗುತ್ತಾ ನೋಡುತ್ತೇವೆ. 2019ರಲ್ಲಿ ಕಾಯ್ದೆಗೆ ಸೇರಿದ 199ಎ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧವಾದರೆ ಪೋಷಕ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಡ್ರೈವರ್ ಕೆಲಸಕ್ಕೆ ಕೊಲ್ಲಿಗೆ ಹೋಗುವ ಕನಸಿರುವ ಹುಡುಗನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮಾರುವವರಿಗೂ ಒಂದು ವಿನಂತಿ. ಸರಕಿನ ದೋಷ ಮುಚ್ಚಿಟ್ಟು ಮಾರುವುದು ನಮ್ಮ ದೀನಿನಲ್ಲಿ ಸಲ್ಲದು ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಕಿಲೊಮೀಟರ್ ತಿರುಗಿಸಿದ್ದು, ಅಪಘಾತವಾಗಿ ಬಣ್ಣ ಬಳಿಸಿದ್ದು, ಟರ್ಬೊದ ಸದ್ದು, ಇವನ್ನು ಹೇಳಿ ಮಾರಿದರೆ ಹತ್ತು ಸಾವಿರ ಕಡಿಮೆ ಬರಬಹುದು. ಹೇಳದೆ ಮಾರಿದರೆ ಆ ಕಾರಿನಲ್ಲಿ ಘಟ್ಟ ಇಳಿಯುವುದು ನಮ್ಮದೇ ಸಂಬಂಧಿಕರ ಮಕ್ಕಳು.

ಈ ವಾರ ಇಷ್ಟು ಮಾಡಿ. ಅಂಗಳದಲ್ಲಿರುವ ಕಾರಿನ ಆರ್‌ಸಿ ತೆಗೆದು ಹೆಸರು ಓದಿ. ಹಿಂದೆ ಮಾರಿದ ಕಾರಿನ ನಂಬರನ್ನೂ ಆ್ಯಪಿನಲ್ಲಿ ಹಾಕಿ, ಹೆಸರು ಇನ್ನೂ ನಿಮ್ಮದೇ ಇದೆಯೇ ಎಂದು ನೋಡಿ. ಇದ್ದರೆ ಕೊಂಡವನಿಗೆ ಇವತ್ತೇ ಫೋನ್ ಮಾಡಿ, ಸೋಮವಾರ ಇಬ್ಬರೂ ಸಾರಿಗೆ ಕಚೇರಿಗೆ ಹೋಗಿ ಬನ್ನಿ.