ವಿಯೆಟ್ನಾಂ ಸಾರಿಗೆ ಸುಂಟಿಕೊಪ್ಪದ ಮೆಣಸು

ಕೊಡಗಿನಲ್ಲಿ ಯಾವ ಬೆಳೆಗಾರರ ಮನೆ ಜಗಲಿಯಲ್ಲಿ ಕೂತರೂ, ಕಾಫಿ ಲೋಟ ಖಾಲಿ ಆಗೋದ್ರೊಳಗೆ ವಿಯೆಟ್ನಾಂ ಹೆಸರು ಒಂದು ಸಲವಾದರೂ ಬರುತ್ತೆ. ಜೊತೆಗೆ ಒಂದು ಬೈಗುಳವೂ ಬರುತ್ತೆ. ಕಾಳುಮೆಣಸಿನ ರೇಟು ಬಿತ್ತಾ? ವಿಯೆಟ್ನಾಂ. ರೋಬಸ್ಟಾ ಮೇಲೆ ಏಳ್ತಾ ಇಲ್ವಾ? ಅದೂ ವಿಯೆಟ್ನಾಂ. ಸುಂಟಿಕೊಪ್ಪದ ಹತ್ತಿರ ನಮಗಿರೋದು ಐದೆಕರೆ ತೋಟ. ಅಪ್ಪ ಬೆಳಿಗ್ಗೆ ಎದ್ದು ಮೊದಲು ನೋಡೋದು ಅಂಗಳದ ಮಳೆ ಮಾಪಕ, ಆಮೇಲೆ ವಾಟ್ಸಾಪ್‌ನಲ್ಲಿ ಬರೋ ಕಾಫಿ ರೇಟು.

ಇಂಥ ಮನೆಯ ಮಗನಿಗೆ ಜೀವಕ್ಕೆ ಹಿತ ಅನಿಸೋ ಊಟ ಯಾವುದು ಗೊತ್ತಾ? ವಿಯೆಟ್ನಾಂನ ನೂಡಲ್ ಸೂಪು!

ಇಂಗ್ಲಿಷ್‌ನಲ್ಲಿ ‘ಫೋ’ ಅಂತ ಓದೋ ಹಾಗೆ ಬರೀತಾರೆ. ಅಲ್ಲಿನವರು ಹೇಳೋದು ‘ಫ’ಗೂ ‘ಫಾ’ಗೂ ನಡುವೆ ಎಲ್ಲೋ, ಪ್ರಶ್ನೆ ಕೇಳಿದ ಹಾಗೆ ಕೊನೆಯಲ್ಲಿ ಸ್ವಲ್ಪ ಎಳೆದು. ಮೂಳೆಗಳನ್ನ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ ತಿಳಿಸಾರು, ಅದರಲ್ಲಿ ಅಕ್ಕಿಯ ನೂಡಲ್ಸ್, ಮೇಲೆ ತೆಳ್ಳಗೆ ಹೆಚ್ಚಿದ ಮಾಂಸ, ಹಸಿ ಸೊಪ್ಪು, ನಿಂಬೆ ಹುಳಿ. ಹುಟ್ಟಿದ್ದು ನೂರು ವರ್ಷದ ಹಿಂದೆ, ಫ್ರೆಂಚರ ಆಳ್ವಿಕೆಯಲ್ಲಿದ್ದ ಉತ್ತರ ವಿಯೆಟ್ನಾಂನಲ್ಲಿ. ನಮಗೆ ಇಡ್ಲಿ ಹೇಗೋ ಅವರಿಗೆ ಇದು ಹಾಗೆ. ಬೆಳಗಿನ ತಿಂಡಿ.

ನನಗೆ ಇದರ ರುಚಿ ಹತ್ತಿದ್ದು ಬೆಂಗಳೂರಲ್ಲಿ. ರಿಲೀಸ್ ಇರೋ ರಾತ್ರಿಗಳು ಹೇಗಿರುತ್ತೆ ಅಂತ ನಿಮಗೂ ಗೊತ್ತು. ಹನ್ನೊಂದು ಗಂಟೆಗೆ ಬಿರಿಯಾನಿ ತಿಂದರೆ ನಿದ್ದೆ, ಏನೂ ತಿನ್ನದಿದ್ದರೆ ತಲೆನೋವು. ಟೀಮಿನಲ್ಲಿ ಒಬ್ಬಳು ಒಮ್ಮೆ ಎಲ್ಲರಿಗೂ ಫೋ ತರಿಸಿದಳು. ಮೊದಲ ಗುಟುಕಿಗೇ, ‘ಅರೆ, ಇದು ನಮ್ಮನೆ ರುಚಿ’ ಅನಿಸಿತು. ಎಲ್ಲಿಯ ಹನೋಯಿ, ಎಲ್ಲಿಯ ಸುಂಟಿಕೊಪ್ಪ?

ಯೋಚಿಸಿದರೆ ದೂರವೇನಿಲ್ಲ. ನಮ್ಮ ನೂಪುಟ್ಟು ಅಂದರೆ ಅಕ್ಕಿಯ ನೂಡಲ್ಸೇ ತಾನೆ? ಅದಕ್ಕೆ ಬಿಸಿ ಕೋಳಿ ಸಾರು ಸ್ವಲ್ಪ ಜಾಸ್ತಿ ಸುರಿದುಕೊಂಡು, ಕೈಬಿಟ್ಟು ಚಮಚ ಹಿಡಿದು ತಿಂದವರಿಗೆ ಫೋ ಹೊಸದಲ್ಲ. ಚಕ್ಕೆ, ಲವಂಗ, ಚಕ್ರಮೊಗ್ಗು, ಕೊತ್ತಂಬರಿ ಬೀಜ ಎಲ್ಲ ನಮ್ಮ ಅಡುಗೆಮನೆ ಡಬ್ಬಿಯಲ್ಲೇ ಇರೋ ಸಾಮಾನು. ಅವರು ಅದನ್ನ ಅರೆಯಲ್ಲ, ಇಡಿಯಾಗಿ ಹಾಕಿ ಕುದಿಸಿ ಸೋಸ್ತಾರೆ. ನಾವು ಹುರಿದು ಅರೆದು ಗಟ್ಟಿ ಮಾಡ್ತೀವಿ. ಅಷ್ಟೇ ವ್ಯತ್ಯಾಸ.

ಕೊಡಗಿನ ನಮ್ಮ ವಯಸ್ಸಿನವರಿಗೆ ಮಾಂಸದ ಸಾರಲ್ಲಿ ಮುಳುಗಿದ ನೂಡಲ್ಸ್‌ನ ಮೊದಲ ಪಾಠ ಆಗಿದ್ದು ಬೈಲಕುಪ್ಪೆಯಲ್ಲಿ. ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಸ್ವಲ್ಪ ಮುಂದೆ ಟಿಬೆಟಿಯನ್ ಕ್ಯಾಂಪು. ಲೆಕ್ಕಕ್ಕೆ ಮೈಸೂರು ಜಿಲ್ಲೆ, ನಮಗೆ ಪಕ್ಕದ ಬೀದಿ. 1960ರ ದಶಕದ ಶುರುವಿನಲ್ಲಿ ಊರು ಬಿಟ್ಟು ಬಂದ ಟಿಬೆಟಿಯನ್ನರಿಗೆ ಅಲ್ಲಿ ಜಾಗ ಸಿಕ್ಕಿತು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಶುರುವಾಯಿತು. ಕಾಲೇಜು ದಿನಗಳಲ್ಲಿ ಗೋಲ್ಡನ್ ಟೆಂಪಲ್ ನೋಡೋ ನೆಪದಲ್ಲಿ ಹೋಗಿ ನಾವು ಕುಡಿದು ಬರ್ತಿದ್ದಿದ್ದು ಥುಕ್ಪಾ.

ಫೋ ಕೂಡ ಹೀಗೇ ಊರು ಬಿಟ್ಟವರ ಜೊತೆ ನಡೆದ ಸಾರು. 1954ರಲ್ಲಿ ವಿಯೆಟ್ನಾಂ ಎರಡಾದಾಗ ಉತ್ತರದಿಂದ ಲಕ್ಷಾಂತರ ಜನ ದಕ್ಷಿಣಕ್ಕೆ ಹೋದರು, ಸಾರೂ ಹೋಯಿತು. 1975ರಲ್ಲಿ ಯುದ್ಧ ಮುಗಿದ ಮೇಲೆ ದೋಣಿ ಹತ್ತಿದವರ ಜೊತೆ ಅಮೆರಿಕ, ಆಸ್ಟ್ರೇಲಿಯಾ ಎಲ್ಲ ಸೇರಿತು. ಮನೆ, ಗದ್ದೆ ಹೊತ್ತುಕೊಂಡು ಹೋಗೋಕಾಗಲ್ಲ. ಸಾರು ಮಾಡೋ ರೀತಿ ತಲೆಯಲ್ಲಿರುತ್ತೆ, ಅದಕ್ಕೆ ಭಾರ ಇಲ್ಲ.

ಇನ್ನು ಅಪ್ಪನ ವಿಷಯ. ಅವ್ವ ಹೋಗಿ ಮೂರು ವರ್ಷ ಆಯಿತು. ನಮ್ಮನೆಯಲ್ಲಿ ನೂಪುಟ್ಟು ಒತ್ತೋದು ಇಬ್ಬರ ಕೆಲಸವಾಗಿತ್ತು, ಅವ್ವ ಹಿಟ್ಟು ತುಂಬೋರು, ಅಪ್ಪ ಒತ್ತೋರು. ಆಮೇಲೆ ಆ ಒರಳು ಅಟ್ಟ ಸೇರಿತು. ತೋಟದ ಕೆಲಸದಲ್ಲಿ ಅಪ್ಪ ಒಂಚೂರೂ ಕಮ್ಮಿ ಮಾಡಲಿಲ್ಲ. ಊಟ ಮಾತ್ರ ಕಮ್ಮಿ ಆಯಿತು. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಎರಡು ರಸ್ಕು, ಒಂದು ಲೋಟ ಕಾಫಿ, ಅಷ್ಟೇ. ಫೋನ್ ಮಾಡಿ ‘ಊಟ ಆಯ್ತಾ ಅಪ್ಪಾ’ ಅಂದ್ರೆ ‘ಆಯ್ತು ಮಗ’ ಅನ್ನೋರು. ಹೋದ ವರ್ಷ ನೋಡಿದಾಗ ಅಂಗಿ ಹೆಗಲಿಂದ ಜಾರ್ತಾ ಇತ್ತು.

ಹಾಗಾಗಿ ಜುಲೈನಲ್ಲಿ ಎರಡು ವಾರ ಊರಿಂದಲೇ ಕೆಲಸ ಮಾಡ್ತೀನಿ ಅಂತ ಬಂದೆ. ಬ್ಯಾಗಿನಲ್ಲಿ ನಾಲ್ಕು ಪ್ಯಾಕೆಟ್ ಅಕ್ಕಿ ನೂಡಲ್ಸ್ ಇತ್ತು.

ಆಗ ಕಕ್ಕಡ ತಿಂಗಳು. ಕೊಡಗಲ್ಲಿ ಈ ತಿಂಗಳು ಮೈಗೆ ಬಿಸಿ ಕೊಡೋದನ್ನೇ ತಿನ್ನಬೇಕು ಅಂತಾರೆ, ಏಡಿ, ನಾಟಿ ಕೋಳಿ, ಬೈಂಬಳೆ. ನಾನು ಆರಿಸಿದ್ದು ಕೋಳಿ ಫೋ. ಅಲ್ಲಿಯೂ ಕೋಳಿಯದ್ದು ಇದೆ. ಸರಕಾರ ವಾರದಲ್ಲಿ ಎರಡು ದಿನ ದನದ ಮಾಂಸ ಮಾರಬಾರದು ಅಂದಾಗ ಹನೋಯಿಯವರು ಕೋಳಿಗೆ ತಿರುಗಿದರಂತೆ.

ಮಾಡೋದು ಸುಲಭ, ತಾಳ್ಮೆ ಬೇಕು. ಈರುಳ್ಳಿ, ಶುಂಠಿ ಎರಡನ್ನೂ ಕೆಂಡದಲ್ಲಿ ಕಪ್ಪಾಗೋವರೆಗೆ ಸುಟ್ಟು ಸಿಪ್ಪೆ ಉಜ್ಜಿ ತೆಗೀರಿ. ಸೌದೆ ಒಲೆ ಇಲ್ಲದವರು ಗ್ಯಾಸ್ ಉರಿ ಮೇಲೆ ಸುಡಬಹುದು. ಕೋಳಿ ಮೂಳೆ ಸಮೇತ ನೀರಿಗೆ ಹಾಕಿ, ಮೇಲೆ ಬರೋ ನೊರೆ ತೆಗೀತಾ ಇರಿ. ಚಕ್ಕೆ, ಲವಂಗ, ಎರಡು ಚಕ್ರಮೊಗ್ಗು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡಿ. ಕಮ್ಮಿ ಅಂದ್ರೂ ಎರಡು ಗಂಟೆ ಸಣ್ಣ ಉರಿ. ಮಳ್ಳಿಸಿದರೆ ಸಾರು ಕದಡುತ್ತೆ, ಮರೀಬೇಡಿ. ಮೀನಿನ ಸಾಸ್ ಇದ್ದರೆ ಒಂದು ಚಮಚ, ಇಲ್ಲದಿದ್ದರೆ ಉಪ್ಪು. ಮೇಲೆ ಗಾಂಧಾರಿ ಮೆಣಸು, ನಿಂಬೆ. ನಮ್ಮ ಬಚ್ಚಲ ಹಿಂದೆ ತಾನೇ ಬೆಳೆಯೋ ಕಾಡು ಕೊತ್ತಂಬರಿ ಇದೆಯಲ್ಲ, ಗರಗಸದ ಹಲ್ಲಿನಂಥ ಅಂಚಿನ ಉದ್ದ ಎಲೆ, ಅದನ್ನೇ ದಕ್ಷಿಣ ವಿಯೆಟ್ನಾಂನವರು ಫೋಗೆ ಹರಿದು ಹಾಕ್ತಾರೆ!

ಅಪ್ಪ ಬಟ್ಟಲು ನೋಡಿದರು. ‘ಎಲ್ಲಿದು?’

‘ವಿಯೆಟ್ನಾಂ.’

ಅವರು ಏನೂ ಹೇಳಲಿಲ್ಲ. ಕುಡಿದರು. ಎದ್ದು ಹೋದರು. ಇಷ್ಟ ಆಗಲಿಲ್ಲ ಅಂದುಕೊಂಡೆ. ವಾಪಸ್ ಬಂದಾಗ ಕೈಯಲ್ಲಿ ಕಲ್ಲಲ್ಲಿ ಜಜ್ಜಿದ ನಮ್ಮ ತೋಟದ ಕಾಳುಮೆಣಸು. ‘ಇದಿಲ್ದೆ ಎಂಥ ಸಾರು’ ಅಂತ ಎರಡೂ ಬಟ್ಟಲಿಗೆ ಉದುರಿಸಿದರು. ಆ ರಾತ್ರಿ ಅಪ್ಪ ಎರಡು ಬಟ್ಟಲು ಕುಡಿದರು. ಮೂರು ವರ್ಷದಲ್ಲಿ ಅವರು ಎರಡನೇ ಸಲ ಬಡಿಸಿಕೊಂಡಿದ್ದನ್ನ ನಾನು ನೋಡಿರಲಿಲ್ಲ.

ಊಟ ಆದ ಮೇಲೆ ಮಾತು ಸಹಜವಾಗಿ ರೇಟಿಗೇ ಬಂತು. 2024ರಲ್ಲಿ ವಿಯೆಟ್ನಾಂನ ಕಾಫಿ ಸೀಮೆಗೆ ಬರ ಬಿದ್ದಿತ್ತು. ರೋಬಸ್ಟಾ ಬೆಳೆಯೋದರಲ್ಲಿ ಜಗತ್ತಿಗೇ ಮೊದಲು ಅವರು, ಹಾಗಾಗಿ ಲಂಡನ್ ಮಾರುಕಟ್ಟೆಯಲ್ಲಿ ಬೆಲೆ ದಶಕಗಳಲ್ಲೇ ಕಾಣದಷ್ಟು ಏರಿತು. ನಮ್ಮಲ್ಲಿ 50 ಕೆ.ಜಿ. ರೋಬಸ್ಟಾ ಚೆರ್ರಿ ಚೀಲ 10,000 ರೂಪಾಯಿ ದಾಟಿತು. ನಮ್ಮ ಸಾಲ ತೀರಿದ್ದು ಆ ವರ್ಷವೇ.

‘ಅವರ ಬಾವಿ ಬತ್ತಿದ್ದಕ್ಕೆ ನಮ್ಮ ಸಾಲ ತೀರಿತು’ ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, ‘2018ರಲ್ಲಿ ನಮ್ಮ ಗುಡ್ಡ ಕುಸಿದಾಗ ಅಲ್ಲಿ ಯಾರಾದ್ರೂ ಹೀಗೇ ಲೆಕ್ಕ ಹಾಕಿರ್ತಾರೆ’ ಅಂದರು. ಕೋಪದಲ್ಲಿ ಹೇಳಿದ ಮಾತಲ್ಲ ಅದು. ಅಲ್ಲೂ ಐದೆಕರೆಯ ಒಬ್ಬ ಮನುಷ್ಯ ಜಗಲಿಯಲ್ಲಿ ಕೂತು ಮಳೆ ನೋಡ್ತಾ ಇರಬಹುದು ಅನ್ನೋ ದನಿ.

ಬೆಲೆಯ ಪಟ್ಟಿಯಲ್ಲಿ ನಾವು ಯಾವತ್ತೂ ಎದುರಾಳಿಗಳೇ. ಅದು ಬದಲಾಗಲ್ಲ, ನಾಳೆ ಅವರ ಮೆಣಸು ಇಲ್ಲಿಗೆ ಬಂದು ರೇಟು ಬಿದ್ದರೆ ಅಪ್ಪ ಮತ್ತೆ ಬೈತಾರೆ, ಬೈಯಲಿ. ಆದರೆ ಬಿಸಿ ಸಾರಿನ ಮುಂದೆ ಕೂತಾಗ ಅವರೂ ಒಂದು ಮನೆಯವರು ಅಂತ ಕಾಣುತ್ತೆ.

ಮನೆಯಿಂದ ದೂರ ಇರೋ ನಮ್ಮಂಥವರಿಗೆ ಒಂದೇ ಮಾತು. ‘ಊಟ ಆಯ್ತಾ’ ಅಂತ ಫೋನಲ್ಲಿ ಕೇಳೋದಕ್ಕಿಂತ ಒಂದು ಸಲ ಹೋಗಿ ಬೇಯಿಸಿ ಹಾಕಿ. ಫೋನೇ ಆಗಬೇಕಿಲ್ಲ, ಫೋ ಆಗಬೇಕು ಅಂತಲೂ ಇಲ್ಲ. ಗಂಜಿ ಆದರೂ ಸರಿ, ಎದುರು ಕೂತು ಕುಡೀರಿ.

ಈಗ ಶುಕ್ರವಾರ ಸಂಜೆ ಫೋನ್ ಮಾಡೋದು ಅಪ್ಪ. ಕುಶಲ ವಿಚಾರಿಸಲ್ಲ, ನೇರ ವಿಷಯಕ್ಕೆ ಬರ್ತಾರೆ: ‘ನಾಳೆ ಬರ್ತೀಯಾ? ಕೋಳಿ ಹೇಳ್ಲಾ?’