ಜೋರು ಹಾಕಿದರೆ ಮುರಿಯುತ್ತದೆ

ಕಲಬುರಗಿಯಿಂದ ಕಮಲಾಪುರದ ಶಾಲೆಗೆ ನಾನು ದಿನವೂ ಬೈಕಿನ ಮೇಲೆಯೇ ಹೋಗಿ ಬರುವವನು. ಕೆಲವು ದಿನಗಳ ಹಿಂದೆ ಸೈಲೆನ್ಸರು ಎಂಜಿನ್ನಿಗೆ ಕೂಡುವ ಜಾಗದಲ್ಲಿ ಫಟ್ ಫಟ್ ಸದ್ದು ಶುರುವಾಯಿತು. ಒಳಗಿನ ವಾಶರು ಸುಟ್ಟಿರಬೇಕು, ಎರಡು ನಟ್ಟು ಬಿಚ್ಚಿ ಹೊಸದು ಕೂಡಿಸಿದರಾಯಿತು ಎಂದು ರವಿವಾರ ಅಂಗಳದಲ್ಲಿ ಪಾನಾ ಹಿಡಿದು ಕುಳಿತೆ. ನಟ್ಟು ಕದಲಲಿಲ್ಲ. ಪಾನಾಕ್ಕೆ ಎರಡು ಅಡಿಯ ಪೈಪು ಸಿಕ್ಕಿಸಿ ಜಗ್ಗಿದೆ. ಟಕ್ ಎಂದಿತು. ಬಿಚ್ಚಿತೆಂದು ಬಗ್ಗಿ ನೋಡಿದರೆ ಬೋಲ್ಟಿನ ಅರ್ಧ ಪಾನಾದಲ್ಲಿ, ಅರ್ಧ ಎಂಜಿನ್ನಿನಲ್ಲಿ!

ವಿದ್ಯಾರ್ಥಿಗಳೇ, ಇದು ವಿಜ್ಞಾನ ಕಲಿಸುವವನ ಪ್ರತಾಪ. ಲೆಕ್ಕವನ್ನು ನಾನು ಮೊದಲೇ ಮಾಡಬಹುದಿತ್ತು. ತಿರುಗಿಸುವ ಶಕ್ತಿ ಎಂದರೆ, ಅಂದರೆ ಟಾರ್ಕ್, ಹಾಕಿದ ಬಲವನ್ನು ಹಿಡಿಕೆಯ ಉದ್ದದಿಂದ ಗುಣಿಸಿದಷ್ಟು. 6 ಮಿ.ಮೀ. ಬೋಲ್ಟನ್ನು ಸಾಮಾನ್ಯವಾಗಿ 10 ನ್ಯೂಟನ್-ಮೀಟರಿನ ಆಸುಪಾಸಿನಲ್ಲಿ ಬಿಗಿಯುತ್ತಾರೆ. 15 ಸೆಂ.ಮೀ. ಉದ್ದದ ಪಾನಾದ ತುದಿಗೆ 7 ಕಿಲೋ ಭಾರದಷ್ಟು ಒತ್ತಿದರೆ ಅಷ್ಟಾಯಿತು. ಅದೇ ಕೈ 60 ಸೆಂ.ಮೀ. ಪೈಪಿನ ತುದಿಯಲ್ಲಿ ಒತ್ತಿದರೆ ನಾಲ್ಕು ಪಟ್ಟು. ತುಕ್ಕು ತಿಂದ ಸಣ್ಣ ಬೋಲ್ಟು ಅದನ್ನು ಹೇಗೆ ತಾಳೀತು?

ಮರುದಿನ ಊರೆಲ್ಲ ಕೇಳುವಂತೆ ಸದ್ದು ಮಾಡುತ್ತ ಕಮಲಾಪುರ ಸೇರಿದೆ. ಶಾಲೆ ಬಿಟ್ಟ ಮೇಲೆ ರಸ್ತೆಬದಿಯ ಗ್ಯಾರೇಜಿಗೆ ಹೋದರೆ ಅಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ನಪಾಸಾದವನು. ಅದೂ ನನ್ನ ವಿಷಯದಲ್ಲಿ.

"ಇನ್ನೊಂದಕ್ಕ ಜೋರ್ ಹಾಕಬ್ಯಾಡ್ರಿ ಸರ, ಅದೂ ಮುರೀತದ. ಗಾಡಿ ರಾತ್ರಿ ಇಲ್ಲೇ ಬಿಡ್ರಿ. ಬಾಳೆಹಣ್ಣು ಮಾಗಲಿಕ್ಕೆ ಬಿಡತೀವಲ್ರಿ, ಹಂಗ" ಎಂದ. ಕೆಂಪು ಬಾಳೆಹಣ್ಣಿನ ಊರಿನ ಹುಡುಗ. ಬೇರೆ ಹೋಲಿಕೆ ಏಕೆ ಹುಡುಕಿಯಾನು?

ಎಂಜಿನ್ನು ಪೂರ್ತಿ ತಣ್ಣಗಾಗುವವರೆಗೆ ಕಾಯ್ದ. ತಂತಿಯ ಬ್ರಶ್ಶಿನಿಂದ ತುಕ್ಕು ಉಜ್ಜಿದ. ನಟ್ಟಿನ ಬುಡಕ್ಕೆ ತೆಳು ಎಣ್ಣೆ ಹನಿಸಿ, ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಸಲ ತಟ್ಟಿದ. ಮುಂಜಾನೆ ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇಟ್ಟು, ಎಣ್ಣೆಯನ್ನು ಚೊಕ್ಕ ಒರೆಸಿ, ನಟ್ಟಿಗಷ್ಟೇ ಗ್ಯಾಸಿನ ಉರಿ ಹಿಡಿದ. ಆಮೇಲೆ ಪಾನಾ ಹಾಕಿ, ಬಿಚ್ಚುವ ಬದಲು ಮೊದಲು ಕೂದಲೆಳೆಯಷ್ಟು ಬಿಗಿದ! ನಂತರ ಕಾಲು ಸುತ್ತು ಹಿಂದೆ, ಅರ್ಧ ಕಾಲು ಮುಂದೆ. ನಟ್ಟು ಕೈಬೆರಳಿನಿಂದ ತಿರುಗುವಷ್ಟು ಸಡಿಲಾಗಿ ಹೊರಬಂತು.

ಇದರಲ್ಲಿ ಮಾಯೆಯಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಥ್ರೆಡ್ಡುಗಳ ನಡುವೆ ಅದು ಬೆಣೆ ಹೊಡೆದಂತೆ ಕೂಡುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವುದು ಲೋಮನಾಳ ಕ್ರಿಯೆಯಿಂದ. ಅದೇ ಕ್ರಿಯೆಯಿಂದ ತೆಳು ಎಣ್ಣೆ ಆ ಸಂದಿಗೆ ಇಳಿಯುತ್ತದೆ. ಆದರೆ ನಿಧಾನವಾಗಿ, ಅದಕ್ಕೇ ರಾತ್ರಿಯಿಡೀ ಕಾಯಬೇಕು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರ ಅದನ್ನು ಕಾಯಿಸಿ ಹಿಗ್ಗಿಸುತ್ತಾನಲ್ಲ, ನಟ್ಟೂ ಹಾಗೆಯೇ ಹಿಗ್ಗುತ್ತದೆ. 200 ಡಿಗ್ರಿ ಬಿಸಿ ಏರಿದರೆ 6 ಮಿ.ಮೀ. ರಂಧ್ರ ಹಿಗ್ಗುವುದು ಒಂದು ಮಿ.ಮೀ.ನ ನೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ತುಕ್ಕಿನ ಹಿಡಿತ ಬಿಡಿಸಲು ಅಷ್ಟು ಸಾಕು. ಹಿಂದೆ ಮುಂದೆ ತಿರುಗಿಸಿದಾಗ ಪುಡಿಯಾದ ತುಕ್ಕು ಒಂದೇ ಕಡೆ ಸಿಕ್ಕಿಕೊಳ್ಳದೆ ಹೊರಬೀಳುತ್ತದೆ.

ಉರಿಯ ಕೆಲಸ ಮಾತ್ರ ಗ್ಯಾರೇಜಿನದು. ಪಾಲಕರು ಮನೆಯಲ್ಲಿ ಮಾಡಗೊಡಬಾರದು. ತಿರುಗಿ ಕೂಡಿಸುವಾಗ ಹಿತ್ತಾಳೆಯ ನಟ್ಟು ಹಾಕಿ, ಶಾಖ ತಾಳುವ ತಾಮ್ರದ ಗ್ರೀಸು ತುಸು ಸವರಿದರೆ ಮುಂದಿನ ಸಲ ಈ ಪಾಡಿಲ್ಲ. ನಾನು ಮುರಿದ ಬೋಲ್ಟನ್ನು ಕಲಬುರಗಿಯ ಲೇಥ್ ಅಂಗಡಿಯಲ್ಲಿ ಡ್ರಿಲ್ ಹಾಕಿಸಿ ತೆಗೆಸಬೇಕಾಯಿತು. ವಾಶರಿನ ಬೆಲೆಯ ಹತ್ತಾರು ಪಟ್ಟು ದಂಡ.

"ಕಾಯಿಸಿದರ ಯಾಕ ಬಿಚ್ಚತದ ತಮ್ಮಾ?" ಎಂದು ಹುಡುಗನನ್ನು ಕೇಳಿದೆ.

"ನಟ್ಟು ಹಿಗ್ಗತದ್ರಿ. ಒಳಗಿನ ಬೋಲ್ಟು ಇನ್ನಾ ಅಷ್ಟು ಕಾದಿರೂದಿಲ್ಲ."

ಪೂರ್ತಿ ಅಂಕದ ಉತ್ತರ. ಗುಂಡು ಮತ್ತು ಬಳೆಯ ಪ್ರಯೋಗವನ್ನು ಅವನಿಗೆ ನಾನು ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಗುಂಡು, ಬಳೆ ಎರಡೂ ಬೀಗ ಹಾಕಿದ ಕಪಾಟಿನಲ್ಲಿದ್ದವು. ಪಾಠ ಮುಗಿಸುವ ಅವಸರ ನನಗೆ, ಅಂಕ ಬರಲಿ ಎಂಬ ಅವಸರ ಅವನ ಅಪ್ಪನಿಗೆ. ಇಬ್ಬರೂ ಪೈಪು ಸಿಕ್ಕಿಸಿ ಜಗ್ಗಿದವರೇ.

ಮತ್ತೊಮ್ಮೆ ಪರೀಕ್ಷೆಗೆ ಕೂಡು ಎಂದು ಹೇಳಿದ್ದೇನೆ. "ನೋಡೋಣ್ರಿ ಸರ" ಎಂದಿದ್ದಾನೆ. ಮುರಿದ ಬೋಲ್ಟನ್ನೂ ಅವನು ಬಿಚ್ಚಿದ ನಟ್ಟನ್ನೂ ತರಗತಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಕಪಾಟಿನ ಕೀಲಿಯೂ ಈಗ ಅಲ್ಲೇ ಇರುತ್ತದೆ.