ಉಳ್ಳವರಿಗೆ ಹೈಕೋರ್ಟು, ಇಲ್ಲದವರಿಗೆ ಸುಳ್ಳು ಸಾಕ್ಷಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ. ಈ ಗಾದೆಯನ್ನು ನಂಬಿ ಊರು ಸುಮ್ಮನಿದ್ದುದರಿಂದ ಎಷ್ಟು ಮನೆಗಳಲ್ಲಿ ಸೊಸೆಯಂದಿರು ಸೀಮೆಎಣ್ಣೆಗೆ ಆಹುತಿಯಾದರೆಂಬುದು ಎಲ್ಲರೂ ಬಲ್ಲ ಸಂಗತಿ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಹೆಣ್ಣುಮಕ್ಕಳು ಬೀದಿಗಿಳಿದು ಹೋರಾಡಿದ ಮೇಲೆ 1983ರಲ್ಲಿ ದಂಡಸಂಹಿತೆಗೆ 498-ಎ ಎಂಬ ಕಲಮು ಸೇರಿತು. ಹೆಂಡತಿಯನ್ನು ಹಿಂಸಿಸುವ ಗಂಡನಿಗೂ ಅವನ ಕಡೆಯವರಿಗೂ ಮೂರು ವರ್ಷದವರೆಗೆ ಸಜೆ, ಮೇಲೆ ಜುಲ್ಮಾನೆ. ಆ ಕಲಮು ಬೇಕು. ಅದನ್ನು ಕಿತ್ತುಹಾಕಿರೆಂದು ಕೂಗುವ ಮಹನೀಯರ ಗುಂಪಿಗೆ ನಾವು ಸೇರಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ.

ನಮ್ಮ ತಕರಾರು ಬೇರೆ. ಜಗಳ ತೀರಿದ ಮೇಲೆ ಕೇಸು ತೀರುವುದು ಹೇಗೆ?

ಒಬ್ಬ ಮಿಲ್ ಕಾರ್ಮಿಕನ ಸಂಸಾರವನ್ನು ಎತ್ತಿಕೊಳ್ಳಿ. ಹೆಂಡತಿ ಫಿರ್ಯಾದು ಕೊಟ್ಟಳು. ಗಂಡ, ಅತ್ತೆ, ಕಿರಾಣಿ ಅಂಗಡಿಯ ಮೈದುನ, ಮೂವರ ಮೇಲೂ ಚಾರ್ಜ್‌ಶೀಟು ಬಿತ್ತು. ವಾಯಿದೆಯ ಮೇಲೆ ವಾಯಿದೆ. ಒಂದೊಂದು ವಾಯಿದೆಗೂ ಅವನ ಪಾಳಿಯ ಕೂಲಿ ಹೋಯಿತು, ತಮ್ಮನ ಅಂಗಡಿಯ ಬಾಗಿಲು ಮುಚ್ಚಿತು, ಅವಳು ಬೀಡಿ ಕಟ್ಟುವ ಕೂಲಿಯೂ ಹೋಯಿತು. ಕೊನೆಗೆ ಎರಡೂ ಕಡೆಯವರು ಮಧ್ಯಸ್ಥರ ಮುಂದೆ ಕುಳಿತು ಮಾತಾಡಿದರು. ಬೇರೆಯಾಗುವುದೆಂದು ತೀರ್ಮಾನ, ಅವಳ ಒಡವೆ ವಾಪಸು, ಮಗುವಿನ ಹೆಸರಿಗೆ ಇಷ್ಟು ಹಣ. ಇಬ್ಬರೂ ಮ್ಯಾಜಿಸ್ಟ್ರೇಟರ ಮುಂದೆ ನಿಂತು, ‘ಸ್ವಾಮಿ, ನಮ್ಮ ಜಗಳ ತೀರಿತು, ಕೇಸು ಮುಗಿಸಿಕೊಡಿ’ ಎಂದರೆ ಬರುವ ಉತ್ತರವೇನು? ‘ಇದು ರಾಜಿಯಾಗುವ ಅಪರಾಧವಲ್ಲ. ನನಗೆ ಅಧಿಕಾರವಿಲ್ಲ!’

ಲೋಕ ಅದಾಲತ್ತಿಗೆ ಹೋದರೂ ಅಷ್ಟೆ. ರಾಜಿಗೆ ಅವಕಾಶವಿಲ್ಲದ ಅಪರಾಧಕ್ಕೆ ಅದು ಕೈ ಹಚ್ಚುವಂತಿಲ್ಲ. ಉಳಿದ ಬಾಗಿಲು ಹೈಕೋರ್ಟಿನದು. 2003ರಲ್ಲಿ ಬಿ.ಎಸ್. ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಂಪತಿಗಳು ನಿಜವಾಗಿ ರಾಜಿಯಾದರೆ ಹೈಕೋರ್ಟು ತನ್ನ ಅಂತರ್ಗತ ಅಧಿಕಾರದಿಂದ ಕೇಸು ರದ್ದುಮಾಡಬಹುದೆಂದು ಹೇಳಿತು. 2012ರ ಗ್ಯಾನ್ ಸಿಂಗ್ ತೀರ್ಪು ಇದನ್ನೇ ಎತ್ತಿಹಿಡಿಯಿತು. ಒಳ್ಳೆಯ ತೀರ್ಪುಗಳೇ ಸರಿ. ಆದರೆ ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗಗಳ ಕಾರ್ಮಿಕನಿಗೆ ಹೈಕೋರ್ಟು ಎಂದರೆ ಬೆಂಗಳೂರು. ಧಾರವಾಡ, ಕಲಬುರಗಿ ಪೀಠಗಳು ಉತ್ತರದ ಜಿಲ್ಲೆಗಳಿಗೆ. ಬಸ್ ಚಾರ್ಜು, ದೊಡ್ಡ ವಕೀಲರ ಫೀಜು, ಕಳೆದ ಕೂಲಿ, ಇವನ್ನೆಲ್ಲ ಭರಿಸುವವರು ಯಾರು? ಮಗುವಿನ ಹೆಸರಿಗೆ ಇಡಬೇಕಾದ ಹಣದಿಂದಲೇ ಅದು ಹೋಗಬೇಕಲ್ಲವೇ?

ಹಾಗಾದರೆ ಬಡವ ಏನು ಮಾಡುತ್ತಾನೆ? ಕೋರ್ಟಿನ ಜಗಲಿಯಲ್ಲಿ ಕುಳಿತವರನ್ನು ಕೇಳಿ, ಹೇಳುತ್ತಾರೆ. ಹೆಂಡತಿ ಸಾಕ್ಷಿಕಟ್ಟೆ ಹತ್ತುತ್ತಾಳೆ. ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡುತ್ತಾಳೆ. ಆಮೇಲೆ, ‘ನನಗೆ ಯಾರೂ ಹೊಡೆಯಲಿಲ್ಲ, ಪೊಲೀಸರು ಏನು ಬರೆದುಕೊಂಡರೋ ತಿಳಿಯದು’ ಎನ್ನುತ್ತಾಳೆ. ಸರಕಾರಿ ವಕೀಲರು ಅವಳನ್ನು ಪ್ರತಿಕೂಲ ಸಾಕ್ಷಿ ಎಂದು ಸಾರುತ್ತಾರೆ. ಕೇಸು ಖುಲಾಸೆ. ಹೊಡೆತ ತಿಂದವಳೇ ಕೊನೆಗೆ ಸುಳ್ಳುಗಾತಿಯಾಗಿ ಮನೆಗೆ ಹೋಗುತ್ತಾಳೆ. ಇಂತಹ ಲೆಕ್ಕ ಮುಂದಿಟ್ಟುಕೊಂಡೇ ‘ನೋಡಿ, ಹೆಂಗಸರು ಕೊಡುವ ಕೇಸುಗಳೆಲ್ಲ ಸುಳ್ಳು’ ಎಂದು ದೊಡ್ಡ ಮನುಷ್ಯರು ಭಾಷಣ ಬಿಗಿಯುತ್ತಾರೆ! ನಿಜ ಹೇಳಿ ರಾಜಿಯಾಗುವ ದಾರಿಯನ್ನು ಮುಚ್ಚಿದ ಕಾಯಿದೆಯೇ ಅವಳ ಬಾಯಲ್ಲಿ ಸುಳ್ಳು ಹೇಳಿಸಿತೆಂಬುದನ್ನು ಯಾವ ಭಾಷಣಕಾರನೂ ಹೇಳುವುದಿಲ್ಲ.

‘ಕೆಳಗಿನ ಕೋರ್ಟಿನಲ್ಲಿ ರಾಜಿಗೆ ಎಡೆಕೊಟ್ಟರೆ ಗಂಡನ ಕಡೆಯವರು ಹೆದರಿಸಿ ಸಹಿ ಹಾಕಿಸುತ್ತಾರೆ’ ಎಂದು ಕೆಲವು ಮಹಿಳಾ ಸಂಘಟನೆಗಳ ಆಕ್ಷೇಪಣೆ. ಈ ಭಯ ನಿರಾಧಾರವಲ್ಲ. ಆದರೆ ಒತ್ತಾಯ ಇಂದೂ ಇದೆ. ಅದು ಮನೆಯ ಜಗಲಿಯಲ್ಲಿ, ವಕೀಲರ ಕೊಠಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ನಡೆಯುತ್ತದೆ. ಅರ್ಧ ಹಣ ಕೊಟ್ಟು ಸಾಕ್ಷಿ ಹೇಳಿಸಿಕೊಂಡು, ಖುಲಾಸೆಯಾದ ಮಾರನೆಯ ದಿನ ಉಳಿದರ್ಧಕ್ಕೆ ಕೈ ಎತ್ತುವ ಗಂಡನನ್ನು ಹಿಡಿಯುವವರು ಯಾರು? ರಾಜಿ ನ್ಯಾಯಾಧೀಶರ ಎದುರಿಗೆ ನಡೆದರೆ ಹಿಡಿಯಲು ಒಂದು ಕಾಗದವಾದರೂ ಇರುತ್ತದೆ.

ಇದು ನಾವೇ ಕಂಡುಹಿಡಿದ ಹೊಸ ಮಾತಲ್ಲ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿಯೇ ಇದನ್ನು ರಾಜಿಯೋಗ್ಯ ಮಾಡಿರೆಂದಿತು. ಅದೇ ವರ್ಷ ಆಂಧ್ರ ಪ್ರದೇಶ ತಿದ್ದುಪಡಿ ತಂದು, ಕೋರ್ಟಿನ ಅನುಮತಿಯಿಂದ, ಮೂರು ತಿಂಗಳು ಕಾದು ರಾಜಿಯಾಗಲು ಅವಕಾಶ ಕೊಟ್ಟಿತು. ಕಾನೂನು ಆಯೋಗವೂ 2012ರ ತನ್ನ 243ನೆಯ ವರದಿಯಲ್ಲಿ ಇದೇ ಸಲಹೆ ಮಾಡಿತು. ದಿಲ್ಲಿಯ ಸರಕಾರ ಮಾಡಿದ್ದೇನು? 2024ರ ಜುಲೈ 1ರಿಂದ ಹೊಸ ನ್ಯಾಯಸಂಹಿತೆ ಜಾರಿಗೆ ಬಂತು. 498-ಎ ಹೋಗಿ 85 ಮತ್ತು 86 ಆಯಿತು. ಹೈಕೋರ್ಟಿನ ಅಧಿಕಾರದ 482 ಹೋಗಿ 528 ಆಯಿತು. ನಂಬರು ಬದಲಾಯಿತು, ಬೀಗ ಅದೇ ಉಳಿಯಿತು. ಗಲಾಟೆ ಕೇಸುಗಳನ್ನು ಸಂಪುಟದ ನಿರ್ಣಯ ಮಾಡಿ ಹಿಂದಕ್ಕೆ ಪಡೆಯಲು ಹೊರಡುವ ಸರಕಾರಗಳಿಗೆ ಬಡವರ ಮನೆಯ ಕೇಸು ಕಾಣುವುದಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಇವು: ಮ್ಯಾಜಿಸ್ಟ್ರೇಟರ ಅನುಮತಿಯಿಂದ ರಾಜಿಗೆ ಅವಕಾಶವಾಗಲಿ. ಎರಡೂ ಮನೆಯವರನ್ನು ಹೊರಗಿಟ್ಟು, ನ್ಯಾಯಾಧೀಶರು ಹೆಂಗಸನ್ನು ಒಬ್ಬಳನ್ನೇ ಕೂರಿಸಿ ಕೇಳಲಿ. ಮೂರು ತಿಂಗಳು ಯೋಚಿಸಲು ಸಮಯವಿರಲಿ. ಅಷ್ಟರೊಳಗೆ ಮನಸ್ಸು ಬದಲಾಯಿಸುವ ಹಕ್ಕು ಅವಳಿಗಿರಲಿ. ಒಪ್ಪಿದ ಹಣ ಪೂರ್ತಿ ಕೋರ್ಟಿಗೆ ಜಮಾ ಆಗುವ ತನಕ ಕೇಸು ಮುಗಿಯದಿರಲಿ. ಸಾವು, ಕೊಲೆಯತ್ನ, ಸುಟ್ಟ ಗಾಯ ಇರುವಲ್ಲಿ ರಾಜಿಯ ಮಾತೇ ಬೇಡ.

ಅಲ್ಲಿಯವರೆಗೆ ಒಂದು ಮಾತು ನೆನಪಿಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ ಹೆಂಗಸರಿಗೂ ಕೈಗಾರಿಕಾ ಕಾರ್ಮಿಕರಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಹೈಕೋರ್ಟಿಗೂ ಅದು ಅನ್ವಯಿಸುತ್ತದೆ. ದಲ್ಲಾಳಿಗಳ ಕೈಗೆ ಬೀಳದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ. ಭಿಕ್ಷೆ ಕೇಳುವವರಂತೆ ಹೋಗಬೇಡಿ. ಹಕ್ಕು ಕೇಳುವವರಂತೆ ಹೋಗಿ.